ನಲವತ್ತೊಂದನೆಯ ಕೈ

ಜನವರಿ ೮

ಅಣ್ಣಾ,

ಮೊದಲು ಕುರ್ಚಿ ಎಳೆದುಕೊಂಡು ಕೂತುಕೋ. ನಿಂತು ಓದುವ ಕಾಗದ ಅಲ್ಲ ಇದು. ನಾನು ಕಾರು ಬುಕ್ ಮಾಡಿಬಿಟ್ಟೆ!

ಹೌದು ಕಣೋ, ನಾನೇ. ಮೊಣಕಾಲಿನ ಕೆಳಗೆ ಎರಡು ಕಾಲೂ ಮಾತು ಕೇಳದ, ಟೈಲರಿಂಗ್ ಅಂಗಡಿಯಿಂದ ಮನೆಗೆ ನಾಲ್ಕು ಬೀದಿ ದಾಟಲು ಆಟೋದವರ ಮುಖ ನೋಡುವ ನಿನ್ನ ತಂಗಿಯೇ. ಕಾಲೇ ಬೇಡದ ಕಾರು ಅದು. ಗೇರು ತಾನಾಗಿಯೇ ಬದಲಾಗುತ್ತದೆ. ಸ್ಟೀರಿಂಗಿನ ಎಡಗಡೆ ಒಂದು ಲಿವರ್ ಕೂರಿಸಿ ಕೊಡುತ್ತಾರೆ. ನಮ್ಮ ಕಡೆ ಎಳೆದರೆ ಗಾಡಿ ಓಡುತ್ತದೆ, ಮುಂದಕ್ಕೆ ತಳ್ಳಿದರೆ ಬ್ರೇಕು. ಷೋರೂಮಿನ ಸೇಲ್ಸ್ ಹುಡುಗಿ ಇದನ್ನು ಹೇಳಿದಾಗ ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಪಾಪ, ನನಗೆ ಕಿವಿ ಕೇಳಿಸುವುದಿಲ್ಲವೇನೋ ಎಂದುಕೊಂಡು ಇನ್ನೊಂದು ಸಲ ಜೋರಾಗಿ ಹೇಳಿದಳು.

ಒಪ್ಪಂದದ ಕಾಗದ ಹನ್ನೊಂದು ಪುಟ. ಪುಟಕ್ಕೊಂದು ಸಹಿ. ಹದಿನೈದು ವರ್ಷ ಸೂಜಿ ಹಿಡಿದ ಕೈ ಪೆನ್ನನ್ನೂ ಸೂಜಿಯಂತೆಯೇ ಹಿಡಿದು ಹನ್ನೊಂದೂ ಮುಗಿಸಿತು. ಆಮೇಲೆ ವರ್ಕ್‌ಶಾಪಿನಿಂದ ಮೇಸ್ತ್ರಿ ಬಂದರು. ಲಿವರ್ ಮಾಡುವವರು ಅವರೇ. ನರೆತ ಹುಬ್ಬು, ಕಿವಿಯ ಮೇಲೊಂದು ಪೆನ್ಸಿಲ್, ಮಾತು ಬಹಳ ಕಡಿಮೆ. ಕಂದು ಕಾಗದದ ಮೇಲೆ ನನ್ನ ಎಡಗೈ ಇರಿಸಿ ಸುತ್ತಲೂ ಗೆರೆ ಎಳೆದುಕೊಂಡರು. ಭುಜದಿಂದ ಮುಷ್ಟಿಯವರೆಗೆ ಟೇಪು ಹಿಡಿಯಬೇಕಾದಾಗ ಮಾತ್ರ ಸಂಕೋಚಪಟ್ಟು ಅತ್ತಿತ್ತ ನೋಡಿದರು. "ಕೊಡಿ ಇಲ್ಲಿ, ನಾನೇ ಟೈಲರು. ಊರಿನ ಭುಜ ಎಲ್ಲಾ ಅಳೆದೋಳು" ಎಂದು ಟೇಪು ಕಿತ್ತುಕೊಂಡು, ಅಳೆದು, ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಒಂಬತ್ತು ವರ್ಷದಿಂದ ನಿನ್ನ ಹವಾಮಾನ ಕೇಂದ್ರದ ಗುಡ್ಡವನ್ನು ನಿನ್ನ ಕಾಗದಗಳಲ್ಲೇ ನೋಡುತ್ತಿದ್ದೇನೆ. ಇನ್ನು ನಾನೇ ಹತ್ತಿ ಬರುತ್ತೇನೆ. ಖುಷಿಯಾಯಿತಾ? ಬೇಗ ಬರೆ.

ನಿನ್ನ ಗುಬ್ಬಿ


ಜನವರಿ ೧೪
ಬೆಳಗಿನ ಉಷ್ಣತೆ ಹನ್ನೊಂದು. ಗಾಳಿ ವಾಯವ್ಯದಿಂದ. ಮೋಡವಿಲ್ಲ.

ಗುಬ್ಬೀ,

ನಿನ್ನ ಕಾಗದ ಟಪಾಲಿನ ಜೀಪಿನಲ್ಲಿ ನಿನ್ನೆ ಬಂತು. ಎರಡು ಸಲ ಓದಿದೆ.

ಇಲ್ಲಿ ಎಲ್ಲ ಎಂದಿನಂತೆ. ಬೆಳಗ್ಗೆ ಬಲೂನು ಬಿಟ್ಟೆ. ಒಂಬತ್ತು ವರ್ಷ ದಿನಾ ಬಿಟ್ಟರೂ ಅದು ಕೈಬಿಟ್ಟು ಮೇಲೇರುವಾಗ ನಾನು ಕೆಲಸ ಮರೆತು ನಿಲ್ಲುತ್ತೇನೆ. ಮನುಷ್ಯನ ಎತ್ತರವಿದ್ದದ್ದು ಸಾಸಿವೆಯಷ್ಟಾಗುತ್ತದೆ, ಆಮೇಲೆ ಅದೂ ಇಲ್ಲ. ಆದರೆ ಅಲ್ಲಿಂದ ಲೆಕ್ಕ ಕಳಿಸುತ್ತಲೇ ಇರುತ್ತದೆ. ಇಷ್ಟು ಚಳಿ, ಇಷ್ಟು ಗಾಳಿ ಎಂದು.

ಕಾರಿನ ವಿಷಯ. ನನಗೆ ಖುಷಿಯಾಗಲಿಲ್ಲ ಎಂದರೆ ನೀನು ಮುನಿಸಿಕೊಳ್ಳುತ್ತೀಯ. ಆದರೂ ಹೇಳುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ಚಿಕ್ಕಪ್ಪನ ಕಾರಿನಲ್ಲಿ ಆದದ್ದನ್ನು ನಿನಗೆ ನಾನು ನೆನಪಿಸಬೇಕಾಗಿಲ್ಲ. ಓಡಿಸುತ್ತಿದ್ದವನು ನಾನು, ಕಾಲಿನ ಬಲ ಕಳೆದುಕೊಂಡವಳು ನೀನು. ಬ್ರೇಕ್ ಎಂಬುದು ಹೇಳದೆ ಕೇಳದೆ ಕೈಕೊಡುತ್ತದೆ. ಅದನ್ನು ನಂಬಿ ನೀನು ಒಬ್ಬಳೇ ರಸ್ತೆಗಿಳಿಯುವುದು ನನಗೆ ಬೇಡ.

ಒಪ್ಪಂದದಲ್ಲಿ ಹಿಂದೆ ಸರಿಯುವ ಕಲಮು ಇದ್ದೇ ಇರುತ್ತದೆ. ಹುಡುಕಿ ಓದು. ತಿಂಗಳಿಗೆ ಒಂದು ಆಟೋ ಗೊತ್ತು ಮಾಡಿಕೊಡುತ್ತೇನೆ.

ನಿನ್ನ ಅಣ್ಣ


ಜನವರಿ ೨೦

ಅಣ್ಣಾ,

ಬ್ರೇಕಿನ ಬಗ್ಗೆ ನೀನು ಬರೆದದ್ದನ್ನು ನಾನೂ ಎರಡು ಸಲ ಓದಿದೆ. ಅದರ ಮಾತು ಈಗ ಬೇಡ.

ನಿನ್ನ ಕಲಮು ಸಿಕ್ಕಿತು, ಒಂಬತ್ತನೆಯ ಪುಟದಲ್ಲಿದೆ. ಲಿವರಿನ ಕೆಲಸ ಶುರುವಾಗುವ ಮೊದಲು ಬೇಡವೆಂದರೆ ಮುಂಗಡ ಪೂರ್ತಿ ವಾಪಸ್. ಶುರುವಾದ ಮೇಲೆ ಬೇಡವೆಂದರೆ ಮುಂಗಡ ಹೋಯಿತು. ಕೂರಿಸಿದ ಲಿವರ್ ನನಗೆ ಹೊಂದದಿದ್ದರೆ ತಪ್ಪು ಅವರದು, ಎಲ್ಲ ವಾಪಸ್. ನಿನ್ನ ಮಾತು ಕಟ್ಟಿಕೊಂಡು ಕೇಳಿಬರೋಣವೆಂದು ನಿನ್ನೆ ಹೋದೆ. "ಶುರು ಆಗಿದ್ಯೋ ಇಲ್ವೋ ಒಳಗೇ ನೋಡ್ಬನ್ನಿ ಅಕ್ಕಾ" ಎಂದು ಸೇಲ್ಸ್ ಹುಡುಗಿ ಗಾಲಿಕುರ್ಚಿ ತಳ್ಳಿಕೊಂಡು ವರ್ಕ್‌ಶಾಪಿಗೇ ಕರೆದೊಯ್ದಳು.

ಅಣ್ಣಾ, ಅಲ್ಲಿ ಏನು ನೋಡಿದೆ ಗೊತ್ತಾ? ಮೇಸ್ತ್ರಿಯ ಬೆಂಚಿನ ಹಿಂದಿನ ಗೋಡೆಯ ತುಂಬ ಕೈಗಳು! ಕಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಎಳೆದ ಕೈಗಳು. ಕಿರುಬೆರಳಿಲ್ಲದ ಕೈ, ಮಗುವಿನದೇ ಎನ್ನುವಷ್ಟು ಸಣ್ಣ ಕೈ, ಹೆಬ್ಬೆರಳು ಒಳಕ್ಕೆ ಮಡಿಸಿಕೊಂಡು ಬಿಡಿಸಲಾಗದ ಕೈ, ಎರಡೇ ಬೆರಳಿನ ಕೈ. ಒಂದೊಂದರ ಕೆಳಗೂ ಅಳತೆಗಳು. ಹೆಸರು ಮಾತ್ರ ಎಲ್ಲೂ ಇಲ್ಲ. ಎಣಿಸಿದೆ, ನಲವತ್ತು. ಇಪ್ಪತ್ತಾರು ವರ್ಷದಲ್ಲಿ ಅವರು ಲಿವರ್ ಮಾಡಿಕೊಟ್ಟ ನಲವತ್ತು ಜನ. "ಒಂದೂ ವಾಪಸ್ ಬಂದಿಲ್ಲ" ಎಂದಳು ಹುಡುಗಿ. ಅವರು ಹಾಗೆ ಎಂದೂ ಹೇಳಿಕೊಳ್ಳುವುದಿಲ್ಲವಂತೆ, ಅವಳೇ ಹೇಳಿದಳು.

ನಲವತ್ತೊಂದನೆಯದು ನನ್ನದು. ತುದಿಯಲ್ಲಿ, ನಾಲ್ಕು ಗುಂಡುಪಿನ್ನು ಚುಚ್ಚಿಕೊಂಡು. ಹೊಲಿದು ಹೊಲಿದು ಸೊಟ್ಟಗಾದ ನನ್ನ ತೋರುಬೆರಳನ್ನು ಇದ್ದ ಹಾಗೆಯೇ ಬರೆದಿದ್ದಾರೆ. ಊರಿನವರಿಗೆಲ್ಲ ನಾನು ಅಳತೆ ತೆಗೆದು ಬಟ್ಟೆ ಹೊಲಿದಿದ್ದೇನೆ. ನನ್ನ ಮೈಗೆ ತಕ್ಕಂತೆ ಈ ಲೋಕದಲ್ಲಿ ಯಾರಾದರೂ ಏನಾದರೂ ಮಾಡಿದ್ದು ಇದೇ ಮೊದಲು.

ಬೆಂಚಿನ ಮೇಲೆ ಆಗಲೇ ಉಕ್ಕು ಕತ್ತರಿಸಿಟ್ಟಿತ್ತು. ಕೇಳಲು ಹೋದದ್ದನ್ನು ಕೇಳದೆ ವಾಪಸ್ ಬಂದೆ. ನಾನು ಕಾರು ಬಿಡುವುದಿಲ್ಲ.

ಗುಬ್ಬಿ


ಫೆಬ್ರವರಿ ೨

ಅಣ್ಣಾ,

ನಿನ್ನ ಕಾಗದವೇ ಇಲ್ಲ. ಮುನಿಸಾ?

ನೀನು ಗೆದ್ದೆ. ಡ್ರೈವಿಂಗ್ ಸ್ಕೂಲಿನಲ್ಲಿ ಇಂಥದೇ ಲಿವರ್ ಇರುವ ಹಳೆಯ ಗಾಡಿಯೊಂದಿದೆ. ನಾಲ್ಕು ದಿನ ಮೈದಾನದಲ್ಲಿ ಸುತ್ತಿದೆ, ಸ್ವರ್ಗ! ಐದನೆಯ ದಿನ ರಸ್ತೆಗಿಳಿದೆವು. ಒಂದು ತಿರುವಿನಲ್ಲಿ ಲಾರಿ ನಿಂತಿತ್ತು, ಸುಮ್ಮನೆ ನಿಂತಿತ್ತು ಅಷ್ಟೇ. ನನ್ನ ಕೈ ಕಲ್ಲಾಯಿತು. ಕಲಿಸುವಾತ ತನ್ನ ಕಡೆಯ ಬ್ರೇಕ್ ಒತ್ತದಿದ್ದರೆ ಇವತ್ತು ಈ ಕಾಗದವಿಲ್ಲ. ಅವತ್ತಿನಿಂದ ಆ ಬೀದಿಯ ಕಡೆ ಮುಖ ಹಾಕಿಲ್ಲ.

ಕಾರು ಬೇಡ ಅನ್ನಿಸಿದೆ. ಮುಂಗಡ ಹೋದರೆ ಹೋಗಲಿ, ಒಂದು ವರ್ಷ ಹೆಚ್ಚು ಯೂನಿಫಾರ್ಮ್ ಹೊಲಿದರಾಯಿತು. ಆದರೆ ಸಹಿ ಹಾಕಿದವಳು ನಾನು. ಆ ಸಹಿ ನಂಬಿಕೊಂಡು ಒಬ್ಬ ಮನುಷ್ಯ ಉಕ್ಕು ಕೊಯ್ದಿದ್ದಾನೆ. ಈಗ ಬೇಡ ಅನ್ನುವುದು ಸರಿಯಾ? ನೀನೇ ಹೇಳು.

ಗುಬ್ಬಿ


ಫೆಬ್ರವರಿ ೭
ಉಷ್ಣತೆ ಒಂಬತ್ತು. ಗಾಳಿ ಜೋರು, ಬೆಳಗಿನ ಬಲೂನು ಕಂಬಿಗೆ ಸಿಕ್ಕಿ ಒಡೆಯಿತು, ಎರಡನೆಯದು ಬಿಟ್ಟೆ.

ಗುಬ್ಬೀ,

ಮುನಿಸಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಸರಿಯೇ. ನೂರಕ್ಕೆ ನೂರು ಸರಿ. ಹಿಂದೆ ಸರಿಯುವ ದಾರಿಯನ್ನು ಒಪ್ಪಂದದಲ್ಲಿ ಬರೆದಿಟ್ಟವರು ಅವರೇ ತಾನೇ? ಬರೆದಿಟ್ಟ ದಾರಿಯಲ್ಲಿ ನಡೆದರೆ ಮೋಸ ಹೇಗಾಗುತ್ತದೆ? ಕತ್ತರಿಸಿದ ಉಕ್ಕಿಗೆಂದೇ ಮುಂಗಡ ಇರುವುದು. ಮನುಷ್ಯನಿಗೆ ಮನಸ್ಸು ಬದಲಾಯಿಸುವ ಹಕ್ಕಿದೆ. ಆ ಹಕ್ಕಿನ ಬೆಲೆ ಕೊಟ್ಟು ಹೊರಗೆ ಬಂದರೆ ಯಾರ ಋಣವೂ ಇಲ್ಲ. ನಾಳೆಯೇ ಹೋಗಿ ಹೇಳಿಬಿಡು.

ನಿನ್ನ ಕಾಗದ ಓದಿ ಎಷ್ಟು ಹಗುರಾದೆ ಎಂದರೆ ಟಪಾಲಿನ ಜೀಪಿನವನಿಗೆ ಎರಡು ಲೋಟ ಚಹಾ ಕುಡಿಸಿದೆ.

ಅಣ್ಣ


ಫೆಬ್ರವರಿ ೧೩

ಅಣ್ಣಾ,

ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಷೋರೂಮಿನಿಂದಲೇ ಫೋನು ಬಂತು. "ಗಾಡಿ ರೆಡಿ ಅಕ್ಕಾ, ಕೂತು ನೋಡಿ ಬನ್ನಿ." ಎದುರಿಗೇ ಹೇಳೋಣವೆಂದು ಹೋದೆ.

ಗಾಡಿ ವರ್ಕ್‌ಶಾಪಿನಲ್ಲಿ ನಿಂತಿತ್ತು, ನವಿಲು ಬಣ್ಣ. ಬಾಗಿಲು ತೆರೆದು ಕೂರಿಸಿದರು. ಲಿವರಿನ ಹಿಡಿಕೆ ಮುಟ್ಟಿದೆ ನೋಡು, ಕೈ ತಾನಾಗಿಯೇ ಹೋಗಿ ಕೂತುಬಿಟ್ಟಿತು. ನನ್ನ ಸೊಟ್ಟ ಬೆರಳಿಗೆ ಒಂದು ಸೊಟ್ಟ ಜಾಗ. ಹೆಬ್ಬೆರಳಿನ ಗಂಟಿಗೆ ಒಂದು ಸಣ್ಣ ಗುಳಿ. ಒಳಗೆಲ್ಲ ಏನೋ ಕರಗಿದ ಹಾಗಾಗಿ ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು.

"ಬ್ರೇಕ್ ಪೂರ್ತಿ ತಳ್ಳಿ ಅಮ್ಮಾ" ಎಂದರು ಮೇಸ್ತ್ರಿ. ತಳ್ಳಿದೆ. ಕೊನೆಗೆ ಬರುವ ಹೊತ್ತಿಗೆ ನನ್ನ ಭುಜ ಸೀಟು ಬಿಟ್ಟು ಮುಂದೆ ಹೋಗಿತ್ತು. ಇನ್ನೊಂದು ಸಲ ತಳ್ಳಿದರೂ ಹಾಗೇ. ಬೆನ್ನು ಒರಗಿಸಿ ಕೂತರೆ ಬ್ರೇಕ್ ಪೂರ್ತಿ ಕೂರುವುದಿಲ್ಲ. ಅವರು ಬಗ್ಗಿ ಟಾರ್ಚು ಹಾಕಿ ನೋಡಿದರು, ಲಿವರಿಗೆ ಟೇಪು ಹಿಡಿದರು, ಮತ್ತೆ ಹಿಡಿದರು. ಆಮೇಲೆ ಎದ್ದು ನಿಂತು ಮ್ಯಾನೇಜರಿಗೆ ಹೇಳಿದರು: "ಒಂದೂವರೆ ಇಂಚು ಜಾಸ್ತಿ ಆಗಿದೆ ಸಾರ್. ತಪ್ಪು ನಂದೇ."

ಮ್ಯಾನೇಜರ್ ಒಂಬತ್ತನೆಯ ಪುಟ ತೆಗೆದರು. "ಮೇಡಂ, ಹೊಂದಿಲ್ಲ ಅಂದ್ಮೇಲೆ ನಿಮ್ಮ ಮುಂಗಡ ಪೂರ್ತಿ ವಾಪಸ್. ನಿಮಗೆ ಬೇಡ ಅಂದ್ರೆ ಬೇಡ." ಆದರೆ ಗಾಡಿಯ ತಳಕ್ಕೆ ತೂತು ಕೊರೆದಾಗಿದೆ, ಹೊಸದೆಂದು ಇನ್ಯಾರಿಗೂ ಮಾರುವಂತಿಲ್ಲ. ಕೆಲಸದ ಚೀಟಿಯಲ್ಲಿ ಇರುವುದು ಮೇಸ್ತ್ರಿಯ ಹೆಸರು, ಹೊರೆಯೂ ಅವರ ಮೇಲೇ. ಮುಂದಿನ ವರ್ಷ ಅವರ ನಿವೃತ್ತಿ. ಅಲ್ಲಿಯವರೆಗೆ ಇನ್ನು ಲಿವರಿನ ಕೆಲಸ ಅವರಿಗಿಲ್ಲ, ಗಾಡಿ ತೊಳೆಯುವ ಕಡೆ ಹಾಕುತ್ತಾರಂತೆ. ಮೇಸ್ತ್ರಿ ಗೋಡೆಯ ಹತ್ತಿರ ಹೋಗಿ ನಾಲ್ಕು ಪಿನ್ನು ಕಿತ್ತು ನನ್ನ ಕೈ ಇಳಿಸಿ ಮಡಿಸಿಕೊಂಡರು.

ನಾನೇನು ಮಾಡಿದೆ ಗೊತ್ತಾ? ಉಸಿರು ಬಿಟ್ಟೆ. ಸದ್ಯ, ತಪ್ಪಿತು ಎಂದು. ಹಿಂದೆ ಸರಿದವಳು ಎಂಬ ಹೆಸರೂ ಇಲ್ಲ, ಮುಂಗಡವೂ ವಾಪಸ್ ಬರುತ್ತದೆ.

ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರ ಕೋಟಿಗೆ ಅಳತೆ ತೆಗೆಯುತ್ತಿದ್ದೆ. ತೋಳಿಗೆ ಟೇಪು ಇಪ್ಪತ್ತೆರಡು ತೋರಿಸಿತು. ಪುಸ್ತಕದಲ್ಲಿ ನನ್ನ ಕೈ ಇಪ್ಪತ್ತಮೂರೂವರೆ ಎಂದು ಬರೆಯಿತು.

ಟೈಲರುಗಳು ಹಾಗೆಯೇ ಬರೆಯುವುದು. ಮೊಣಕೈ ಮಡಿಸಿದಾಗ ತೋಳು ಮೇಲಕ್ಕೆ ಹೋಗಬಾರದೆಂದು ಒಂದೂವರೆ ಇಂಚು ಸಡಿಲ ಸೇರಿಸಿಯೇ ಬರೆಯುತ್ತೇವೆ. ಯೋಚಿಸುವುದಿಲ್ಲ, ಕೈ ತಾನೇ ಬರೆದುಬಿಡುತ್ತದೆ. ಗಿರಾಕಿಯನ್ನು ಹಾಗೇ ನಿಲ್ಲಿಸಿ ನನ್ನ ತೋಳನ್ನು ನಾನೇ ಅಳೆದುಕೊಂಡೆ. ಇಪ್ಪತ್ತಮೂರು. ಅವತ್ತು ಚೀಟಿಯಲ್ಲಿ ಬರೆದುಕೊಟ್ಟದ್ದು ಇಪ್ಪತ್ತನಾಲ್ಕೂವರೆ.

ಅಣ್ಣಾ, ಆ ಒಂದೂವರೆ ಇಂಚು ನನ್ನದು. ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಏನು ಮಾಡಲಿ?

ಗುಬ್ಬಿ


ಫೆಬ್ರವರಿ ೧೭
ಉಷ್ಣತೆ ಹನ್ನೆರಡು. ಗಾಳಿ ಇಲ್ಲ.

ಗುಬ್ಬೀ,

ಏನೂ ಮಾಡಬೇಡ. ಸುಮ್ಮನಿರು.

ನೀನು ಸುಳ್ಳು ಹೇಳಿಲ್ಲ. ಅವರು ಕೇಳಲಿಲ್ಲ, ನೀನು ಹೇಳಲಿಲ್ಲ. ಅಳತೆ ತಾನೇ ತೆಗೆದುಕೊಳ್ಳದೆ ಗಿರಾಕಿಯ ಚೀಟಿ ನಂಬಿದ್ದು ಆತನ ತಪ್ಪು. ಮೆಕ್ಯಾನಿಕ್‌ಗಳಿಗೆ ಇಂಥದ್ದೆಲ್ಲ ಅಭ್ಯಾಸ. ಸ್ವಲ್ಪ ದಿನ ಜನ ಆಡಿಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ. ಒಂದು ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಹೇಗೆ ಗೊತ್ತು ಎಂದು ಕೇಳಬೇಡ.

ಮುಂಗಡ ತೆಗೆದುಕೊಂಡು ಮನೆಗೆ ಬಾ.

ಅಣ್ಣ


ಫೆಬ್ರವರಿ ೧೮

ಅಣ್ಣಾ,

ನಿನ್ನ ಉತ್ತರಕ್ಕೆ ಕಾಯಲು ಆಗಲಿಲ್ಲ. ಬೈಯುವುದಿದ್ದರೆ ಆಮೇಲೆ ಬೈ.

ಅಳತೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಮ್ಯಾನೇಜರ್ ಮುಂದೆ ತೆರೆದಿಟ್ಟು ಹೇಳಿದೆ, ತಪ್ಪು ನನ್ನದು, ಸಡಿಲ ಸೇರಿಸಿ ಬರೆದುಕೊಟ್ಟವಳು ನಾನು ಎಂದು. ಅವರು ನನ್ನನ್ನೂ ಪುಸ್ತಕವನ್ನೂ ನಾಲ್ಕು ಸಲ ನೋಡಿದರು. "ಮೇಡಂ, ಸುಮ್ನಿದ್ದಿದ್ರೆ ನಿಮ್ಮ ದುಡ್ಡು ನಿಮಗೆ ಬರ್ತಿತ್ತು. ಈಗ ಬೇಡ ಅಂದ್ರೆ ಮುಂಗಡ ಹೋಗುತ್ತೆ. ಬೇಕು ಅಂದ್ರೆ ಹೊಸ ಲಿವರಿನ ಖರ್ಚು ನಿಮ್ಮದೇ. ಗೊತ್ತು ತಾನೇ?" ಗೊತ್ತು ಎಂದೆ. ಅಷ್ಟು ಹೊತ್ತಿಗೆ ಸೇಲ್ಸ್ ಹುಡುಗಿ ಓಡಿಹೋಗಿ ಮೇಸ್ತ್ರಿಯನ್ನು ಕರೆತಂದಿದ್ದಳು. ಅವರ ಕೈ ಮೊಣಕೈವರೆಗೂ ಒದ್ದೆ. ಗಾಡಿ ತೊಳೆಯುತ್ತಿದ್ದರು.

ಈಗ ಕೇಳು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು ಅವರು ಜೇಬಿನಿಂದ ನನ್ನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಮಡಿಕೆ ಹಾಗೇ ಇತ್ತು.

"ನೀವು ಸೀಟಲ್ಲಿ ಕೂತ ದಿನಾನೇ ಗೊತ್ತಾಯ್ತಮ್ಮಾ, ಲಿವರಿಗೆ ಟೇಪು ಹಿಡಿದಾಗ್ಲೇ. ಮೊದ್ಲೇ ನನ್ನ ಕಣ್ಣಿಗೆ ಇಪ್ಪತ್ತಮೂರು ಅನ್ಸಿತ್ತು. ಟೈಲರಮ್ಮನ ಅಳತೆ ಮೇಲೆ ನನ್ನ ಕಣ್ಣೇನು ಅಂತ ಚೀಟೀನೇ ಹಿಡಿದೆ."

"ಮತ್ತೆ ಚೀಟಿ ಯಾಕೆ ತೋರಿಸ್ಲಿಲ್ಲ?" ಎಂದೆ.

"ತೋರ್ಸಿದ್ರೆ ನೀವು ಸಿಕ್ಕಿಹಾಕ್ಕೋತಿದ್ರಿ. ಸೀಟಲ್ಲಿ ಕೂತಾಗ ನಿಮ್ಮ ಮುಖ ನೋಡ್ದೆ. ಹೆದರಿಕೊಂಡಿದ್ರಿ. ಬೇಡ ಅನ್ನೋಕೆ ಬಂದಿದ್ರಿ, ಬಾಯಿ ಬರ್ಲಿಲ್ಲ. ಹೆದರಿದೋರನ್ನ ಕಾಗದ ತೋರ್ಸಿ ಹಿಡಿದು ಕೂರ್ಸೋದು ನನಗೆ ಬೇಡ ಅನ್ನಿಸ್ತು. ತಪ್ಪು ನಂದು ಅಂದ್ರೆ ನೀವು ಆರಾಮಾಗಿ ಎದ್ದು ಹೋಗ್ಬಹುದಲ್ಲ."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಒಂದೂ ವಾಪಸ್ ಬರದ ಹೆಸರನ್ನು, ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ಆರಾಮಾಗಿ ಎದ್ದು ಹೋಗಲಿ ಎಂದು ಬಿಟ್ಟುಕೊಡುವುದೆಂದರೇನು ಅಣ್ಣಾ? ನೀನು ದಿನಾ ಆಕಾಶ ನೋಡುವವನು, ದೊಡ್ಡದು ಯಾವುದು ಎಂದು ನಿನಗೆ ಗೊತ್ತಿರುತ್ತದೆ. ನಾನು ಇಷ್ಟು ದೊಡ್ಡದನ್ನು ಇಷ್ಟು ಹತ್ತಿರದಿಂದ ಇದುವರೆಗೆ ನೋಡಿರಲಿಲ್ಲ.

ಅತ್ತುಬಿಟ್ಟೆ. ಆಮೇಲೆ ಹೇಳಿದೆ: "ಹಿಂದೆ ಸರೀಬೇಕು ಅಂದ್ರೆ ನಾನಾಗೇ ಸರೀತೀನಿ. ನಿಮ್ಮ ಬೆನ್ನ ಮೇಲೆ ಕೂತ್ಕೊಂಡು ಅಲ್ಲ."

"ಸರೀತೀರಾ?" ಎಂದರು.

"ಹೆದರಿಕೆ ಇನ್ನೂ ಹೋಗಿಲ್ಲ."

"ಆ ಗೋಡೆ ಮೇಲಿರೋ ನಲವತ್ತು ಜನಾನೂ ಹೆದರಿದ್ರು. ಹೆದರದೇ ಇರೋರು ಬಂದ್ರೆ ನಾನೇ ಹೆದರ್ತೀನಿ" ಎಂದರು ಗಂಭೀರವಾಗಿ. ಸೇಲ್ಸ್ ಹುಡುಗಿ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು, ಮೂಗು ಸೋರುತ್ತಿರುವಾಗಲೇ.

"ಹೊಸ ಲಿವರ್ ಮಾಡಿ. ಇಪ್ಪತ್ತಮೂರು" ಎಂದೆ.

"ಈ ಸಲ ಅಳತೆ ನಾನೇ ತಗೋತೀನಿ. ಕೈ ಚಾಚಿ."

ಚಾಚಿದೆ. ಅವರ ಒದ್ದೆ ಬೆರಳು ನನ್ನ ಭುಜದ ಮೇಲೆ ಟೇಪಿನ ತುದಿ ಒತ್ತಿತು. ಹದಿನೈದು ವರ್ಷದಲ್ಲಿ ನಾನು ಸುಮ್ಮನೆ ನಿಂತು, ಅಂದರೆ ಕೂತು, ಇನ್ನೊಬ್ಬರು ನನ್ನ ಅಳತೆ ತೆಗೆದದ್ದು ಅದೇ ಮೊದಲು. ಮೇಸ್ತ್ರಿ ಮತ್ತೆ ಬೆಂಚಿಗೆ ಬಂದಾಯಿತು. ನನ್ನ ಕೈ ಮತ್ತೆ ಗೋಡೆಗೆ ಹತ್ತಿತು. ಕಾರಿಗೆ ಇನ್ನು ಎರಡು ವಾರ. ನಾಳೆಯಿಂದ ಮತ್ತೆ ಡ್ರೈವಿಂಗ್ ಸ್ಕೂಲು, ಆ ತಿರುವಿನ ರಸ್ತೆಯಲ್ಲೇ.

ಗುಬ್ಬಿ

ಕಾಗದ ಅಂಟಿಸುವಾಗ ಸೇರಿಸಿದ್ದು: ಸುಮ್ಮನಿರು ಎಂಬ ನಿನ್ನ ಕಾಗದ ದಾರಿಯಲ್ಲಿದ್ದರೆ ಇರಲಿ. ನೀನು ಅದನ್ನೇ ಬರೆದಿರುತ್ತೀಯ ಎಂದು ನನಗೆ ಗೊತ್ತು.


ಮಾರ್ಚ್ ೪

ಗುಬ್ಬೀ,

ಇವತ್ತು ಉಷ್ಣತೆ ಬರೆಯುವುದಿಲ್ಲ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದುಹಾಕಿದೆ. ಇದು ಐದನೆಯದು, ಇದನ್ನು ಜೀಪಿನವನ ಕೈಗೆ ಕೊಡುವವರೆಗೆ ನನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಚಿಕ್ಕಪ್ಪನ ಕಾರಿನ ಬ್ರೇಕ್ ಕೈಕೊಡಲಿಲ್ಲ. ಬ್ರೇಕ್ ಚೆನ್ನಾಗಿತ್ತು. ನಾನು ಹಿಂದಕ್ಕೆ ತಿರುಗಿ ನಿನ್ನ ಜೊತೆ ನಗುತ್ತಿದ್ದೆ. ಮುಂದೆ ನೋಡುವ ಹೊತ್ತಿಗೆ ತಿರುವಿನಲ್ಲಿ ಲಾರಿ ನಿಂತಿತ್ತು. ನನ್ನ ಕಾಲು ಬ್ರೇಕಿನ ಮೇಲೆ ಹೋಗಲೇ ಇಲ್ಲ. ಆಸ್ಪತ್ರೆಯಲ್ಲಿ ಅಪ್ಪ ಏನಾಯಿತೋ ಎಂದಾಗ ಬಾಯಿಗೆ ಬಂದದ್ದು "ಬ್ರೇಕ್ ಫೇಲ್" ಎಂಬ ಮಾತು. ಹತ್ತೊಂಬತ್ತು ವರ್ಷ ನನಗೆ.

ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿದ್ದ ಗ್ರೀಸ್ ಮಾಮ ನೆನಪಿದೆಯಾ? ಸೈಕಲ್ ಚೈನಿಗೆಲ್ಲ ಪುಕ್ಕಟೆ ಗ್ರೀಸ್ ಹಚ್ಚಿಕೊಡುತ್ತಿದ್ದರಲ್ಲ. ಹಿಂದಿನ ದಿನ ಆ ಕಾರನ್ನು ರಿಪೇರಿ ಮಾಡಿಕೊಟ್ಟವರು ಅವರು. ಚಿಕ್ಕಪ್ಪ ಹೋಗಿ ಬೀದಿಯೆಲ್ಲ ಕೇಳುವಂತೆ ಕೂಗಾಡಿದರು. ಮೂರು ತಿಂಗಳಲ್ಲಿ ಗ್ಯಾರೇಜ್ ಮುಚ್ಚಿತು. ಅವರು ಒಂದು ಸಲವೂ ನಮ್ಮ ಮನೆಗೆ ಬಂದು ಜಗಳವಾಡಲಿಲ್ಲ. ತನ್ನ ಕೈಯಿಂದಲೇ ಆಯಿತೆಂದು ನಂಬಿದ್ದರೋ ಏನೋ. ಮೆಕ್ಯಾನಿಕ್‌ಗಳಿಗೆ ಇಂಥದ್ದೆಲ್ಲ ಅಭ್ಯಾಸ ಎಂದು ನಿನಗೆ ಬರೆದೆನಲ್ಲ, ಹೇಗೆ ಗೊತ್ತೆಂದು ಕೇಳಬೇಡ ಎಂದೆನಲ್ಲ. ಹೀಗೆ ಗೊತ್ತು.

ಆರು ವರ್ಷದ ಹಿಂದೆ ಅವರನ್ನು ನೋಡಿದೆ. ಈ ಗುಡ್ಡದ ಬುಡದಲ್ಲಿರುವ ಪೆಟ್ರೋಲ್ ಬಂಕಿನಲ್ಲಿ ಚಕ್ರಗಳಿಗೆ ಗಾಳಿ ಹಾಕುತ್ತಾರೆ. ಜೀಪಿನಿಂದ ಇಳಿಯದೆ ಮುಖ ಆ ಕಡೆ ತಿರುಗಿಸಿಕೊಂಡೆ. ಈಗಲೂ ಅಲ್ಲೇ ಇದ್ದಾರೆ. ಪ್ರತಿ ಸಲ ಕೆಳಗಿಳಿದಾಗಲೂ ತಿರುಗಿಸಿಕೊಳ್ಳುತ್ತೇನೆ.

ಕಂಡದ್ದನ್ನು ಕಂಡಂತೆ ಬರೆಯುವ ಕೆಲಸ ಹುಡುಕಿಕೊಂಡು ಈ ಗುಡ್ಡ ಹತ್ತಿದವನು ನಾನು. ಒಂಬತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದಿಲ್ಲ. ನೀನು ಕಾರು ಓಡಿಸುವುದು ಬೇಡವೆಂದದ್ದು ನಿನ್ನ ಮೇಲಿನ ಅಕ್ಕರೆಯಿಂದ ಎಂದುಕೊಂಡಿದ್ದೆ. ಅರ್ಧ ನಿಜ. ಇನ್ನರ್ಧ, ನೀನು ಒಂದು ದಿನ ಬ್ರೇಕ್ ಹಿಡಿದರೆ ಅದು ಹಾಗೆಲ್ಲ ಸುಮ್ಮನೆ ಕೈಕೊಡುವ ವಸ್ತುವಲ್ಲ ಎಂದು ನಿನಗೆ ತಿಳಿದುಹೋಗುತ್ತದೆ ಎಂಬ ಭಯ.

ನೀನು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಬೆನ್ನ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದ ಹುಡುಗಿ ಇವಳೇನಾ ಎಂದು ನೋಡುತ್ತಾ ಕೂತಿದ್ದೇನೆ. ಬಲೂನು ಮೇಲೇರುವಾಗ ನಿಲ್ಲುತ್ತೇನಲ್ಲ, ಹಾಗೆ.

ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಉತ್ತರ ಬರೆ.

ಅಣ್ಣ


ಮಾರ್ಚ್ ೯

ಅಣ್ಣಾ,

ನನಗೆ ಗೊತ್ತಿತ್ತು.

ಹಿಂದಿನ ಸೀಟಿನಲ್ಲಿ ಕೂತಿದ್ದವಳು ನಾನೇ ಅಲ್ಲವೇನೋ ಪೆದ್ದೇ! "ಅಣ್ಣಾ, ಇಲ್ನೋಡು" ಎಂದು ಕನ್ನಡಿಯಲ್ಲಿ ಮಂಗನ ಮುಖ ಮಾಡಿ ನಿನ್ನನ್ನು ತಿರುಗಿಸಿದವಳು ನಾನು. ಎರಡು ಸೀಟಿನ ನಡುವೆ ನಿನ್ನ ಕಾಲು ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ, ನೋಡಿದೆ. ನೀನು ಆಸ್ಪತ್ರೆಯಲ್ಲಿ ಬ್ರೇಕ್ ಫೇಲ್ ಎಂದಾಗ ನನಗೆ ಎಚ್ಚರವಿತ್ತು.

ಇಪ್ಪತ್ತೆರಡು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀಯ. ಎರಡು ವರ್ಷ ದಿನಾ ನನ್ನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ದೆಯಲ್ಲ. ಬಾಯಿ ಬಿಟ್ಟರೆ ಎಲ್ಲಿ ಕೆಳಗಿಳಿಸಿಬಿಡುತ್ತೀಯೋ ಎಂದು ಹೆದರಿದೆ. ಆಮೇಲೆ ಹೆದರಿಕೆ ಹೋಯಿತು, ಸುಮ್ಮನಿರುವುದು ಅಭ್ಯಾಸವಾಗಿ ಉಳಿಯಿತು. ಗ್ರೀಸ್ ಮಾಮ ಗ್ಯಾರೇಜಿನ ಬಾಗಿಲಿಗೆ ಬೀಗ ಹಾಕಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ, ಗೊತ್ತಾ? ಮೇಸ್ತ್ರಿ ಗೋಡೆಯಿಂದ ನನ್ನ ಕೈ ಇಳಿಸಿದಾಗ ನೆನಪಾದದ್ದು ಆ ಬೀಗ. ಎರಡನೆಯ ಸಲ ನನ್ನಿಂದ ಆಗಲಿಲ್ಲ, ಅಷ್ಟೇ. ನನ್ನನ್ನು ದೊಡ್ಡವಳು ಮಾಡಬೇಡ. ಸುಳ್ಳು ಹೇಳಿದವನು ನೀನು, ಸುಮ್ಮನಿದ್ದವಳು ನಾನು. ಸಮ ಸಮ.

ಕಾರು ಮನೆಗೆ ಬಂದು ಮೂರು ದಿನವಾಯಿತು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು ಬಂದರು. ಆ ತಿರುವು ಬಂತು. ಲಾರಿಯೂ ಇತ್ತು, ಅಯ್ಯೋ, ಅದೇ ಲಾರಿ, ಅದಕ್ಕೆ ಬೇರೆ ಕೆಲಸವೇ ಇಲ್ಲವೇನೋ. ಬೆನ್ನು ಸೀಟಿಗೆ ಒರಗಿಸಿ ಲಿವರ್ ಮುಂದಕ್ಕೆ ತಳ್ಳಿದೆ. ಕಾರು ನಿಂತಿತು. ಅಣ್ಣಾ, ಎಷ್ಟು ಮೆತ್ತಗೆ ನಿಂತಿತು! ಇಷ್ಟು ದೊಡ್ಡ ವಸ್ತು ನನ್ನ ಒಂದು ಸೊಟ್ಟ ಬೆರಳಿನ ಮಾತು ಕೇಳಿ ನಿಲ್ಲುತ್ತದೆ ಎಂಬುದನ್ನು ನಂಬಲು ಆಗದೆ ಅಲ್ಲೇ ಕೂತುಬಿಟ್ಟೆ. ಹಿಂದಿನವರು ಹಾರನ್ ಹೊಡೆದು ಹೊಡೆದು ಸುಸ್ತಾದರು. ಮೇಸ್ತ್ರಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಸ್ವಲ್ಪ ತಡೀರಿ ಎಂದು ಅವರಿಗೆ ಸನ್ನೆ ಮಾಡಿದರು.

ಬರುವ ಭಾನುವಾರ ಬೆಳಗ್ಗೆ ಬಲೂನು ಬಿಟ್ಟಾದ ಮೇಲೆ ಗೇಟಿನ ಹತ್ತಿರ ಬಾ. ನವಿಲು ಬಣ್ಣದ ಗಾಡಿ ನಿಂತಿರುತ್ತದೆ. ನೀನು ಪಕ್ಕದ ಸೀಟಿನಲ್ಲಿ ಕೂರು. ಹಿಂದಕ್ಕೆ ತಿರುಗಿ ನಗುವ ಹಾಗಿಲ್ಲ, ಇಬ್ಬರೂ ಮುಂದೆ ನೋಡಿಕೊಂಡು ಇಳಿಯೋಣ. ಬುಡದಲ್ಲಿರುವ ಬಂಕಿನಲ್ಲಿ ನಿಲ್ಲಿಸುತ್ತೇನೆ. ಅಷ್ಟು ದೂರ ಬಂದ ಗಾಡಿ, ಚಕ್ರಕ್ಕೆ ಗಾಳಿ ಬೇಕಾಗಿರುತ್ತದೆ.

ನೀನು ಮೊದಲು ಇಳಿ. ನಾನು ಗಾಲಿಕುರ್ಚಿ ಬಿಡಿಸಿಕೊಂಡು ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಕಾಯಬೇಡ, ಅವರಿಗೆ ಹೇಳಲು ಶುರು ಮಾಡು. ನಿನ್ನ ಅರ್ಧ ಮುಗಿಯುವಷ್ಟರಲ್ಲಿ ನಾನು ಬಂದು ನನ್ನ ಅರ್ಧ ಹೇಳುತ್ತೇನೆ.

ಗುಬ್ಬಿ